ಸರ್ವಿಸಸ್ ಮೊದಲ ಗೋಲು ಹೊಡೆದಾಗ

2023ರ ಮಾರ್ಚ್ 1ರ ರಾತ್ರಿ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಸಂತೋಷ್ ಟ್ರೋಫಿ ಫುಟ್‌ಬಾಲಿನ ಸೆಮಿಫೈನಲ್. ಒಂದು ಕಡೆ ಕರ್ನಾಟಕ, ಇನ್ನೊಂದು ಕಡೆ ಸರ್ವಿಸಸ್. ಭೂಸೇನೆ, ನೌಕಾಪಡೆ, ವಾಯುಪಡೆ ಮೂರರಲ್ಲೂ ನೌಕರಿಯಲ್ಲಿರುವ ಆಟಗಾರರನ್ನು ಆರಿಸಿ ಕಟ್ಟುವ ತಂಡ ಸರ್ವಿಸಸ್. ನಾನು ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನವನು. ಮದ್ರಾಸ್ ಎಂಜಿನಿಯರ್ ಗ್ರೂಪಿನಲ್ಲಿ, ನಮ್ಮ ಬಾಯಲ್ಲಿ ಎಂಇಜಿಯಲ್ಲಿ, ಸೇವೆ ಮುಗಿಸಿ ಊರಿಗೆ ಬಂದವನು. ಮನೆಯವರೆಲ್ಲ ಮಲಗಿದ ಮೇಲೆ ಜಗಲಿಯ ಮೇಲೆ ಕೂತು ಮೊಬೈಲಿನಲ್ಲಿ ಆಟ ನೋಡುತ್ತಿದ್ದೆ. ಮೊದಲಾರ್ಧ ಮುಗಿಯುತ್ತ ಬಂದಾಗ ಸರ್ವಿಸಸ್ ಗೋಲು ಹೊಡೆಯಿತು. ಎದ್ದು ನಿಂತುಬಿಟ್ಟೆ. ನಮ್ಮ ಹುಡುಗರು ಹೊಡೆದರು ಎಂದು ಬಾಯಿಗೆ ಬಂತು. ಸ್ವಲ್ಪ ಹೊತ್ತಿಗೆ ಕರ್ನಾಟಕ ಸಮ ಮಾಡಿತು. ಆಗಲೂ ಎದ್ದೆ, ಆಗಲೂ ಅದೇ ಮಾತು ಬಂತು. ವಿರಾಮಕ್ಕೆ ಮುಂಚೆಯೇ ಕರ್ನಾಟಕ ಮುಂದಾಯಿತು. ಕೊನೆಗೆ 3-1ರಲ್ಲಿ ಗೆದ್ದಿತು.

ಮೂರು ದಿನ ಕಳೆದು ಮಾರ್ಚ್ 4ರಂದು ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಟ್ರೋಫಿ ಎತ್ತಿತು. ಅದಕ್ಕೂ ಹಿಂದೆ ಈ ಟ್ರೋಫಿ ನಮ್ಮ ರಾಜ್ಯಕ್ಕೆ ಬಂದದ್ದು 1968-69ರಲ್ಲಿ, ನಾಡಿಗಿನ್ನೂ ಮೈಸೂರು ಎಂಬ ಹೆಸರಿದ್ದಾಗ. 54 ವರ್ಷ ಕಾದು ಬಂದ ಗೆಲುವು. ನಾನು ಸಂತೋಷಪಟ್ಟೆ, ಊರಲ್ಲಿ ಕಂಡವರಿಗೆಲ್ಲ ಹೇಳಿದೆ. ಆದರೂ ಸೆಮಿಫೈನಲ್ಲಿನ ರಾತ್ರಿ ನನ್ನನ್ನು ಬಿಡಲಿಲ್ಲ. ಅಭಿಮಾನಿ ಎನ್ನಿಸಿಕೊಂಡವನಿಗೆ ಒಂದು ಕಡೆ ಇರಬೇಕು. ಎರಡೂ ಕಡೆಯ ಗೋಲಿಗೆ ಎದ್ದು ನಿಂತವನು ಯಾರು, ಅವನ ಮನೆ ಎಲ್ಲಿ ಎಂದು ಅಂದಿನಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ.

ಮಂಡ್ಯ ಸೀಮೆಯಲ್ಲಿ ಫುಟ್‌ಬಾಲ್ ಹುಚ್ಚು ಹತ್ತಿದವರು ಕಡಿಮೆ. ನಮ್ಮದು ಕಬಡ್ಡಿಯ ನೆಲ. ಹಬ್ಬ ಬಂದರೆ ಊರೂರಲ್ಲಿ ಟ್ಯೂಬ್‌ಲೈಟ್ ಕಟ್ಟಿ ಪಂದ್ಯ, ಬೇಸಿಗೆಯಾದರೆ ಕುಯ್ದ ಗದ್ದೆಯ ಕೂಳೆಯ ಮೇಲೆ ಕ್ರಿಕೆಟ್. ಗೋಲುಕಂಬವನ್ನು ನಾನು ಹತ್ತಿರದಿಂದ ಕಂಡದ್ದೇ ಬೆಂಗಳೂರಿನ ಹಲಸೂರು ಕೆರೆಯ ಪಕ್ಕದ ಎಂಇಜಿ ಸೆಂಟರಿನಲ್ಲಿ, ರಿಕ್ರೂಟ್ ಆಗಿ ಸೇರಿದ ಮೇಲೆ. ಬೆಳಿಗ್ಗೆ ಪಿಟಿ, ಆಮೇಲೆ ಡ್ರಿಲ್, ತರಗತಿ, ಸಂಜೆಗೆ ಗೇಮ್ಸ್ ಪೆರೇಡ್. ಆಟವೂ ಅಲ್ಲಿ ಪೆರೇಡೇ, ತಪ್ಪಿಸಿಕೊಳ್ಳುವ ಹಾಗಿಲ್ಲ. ಮಲಯಾಳಂ, ತಮಿಳು, ತೆಲುಗು, ಕನ್ನಡ ಎಲ್ಲ ಬೆರೆತ ಪ್ಲಟೂನು. ಅಪ್ಪಣೆ ಹಿಂದಿಯಲ್ಲಿ. ನನಗೆ ಆಗ ಕನ್ನಡ ಬಿಟ್ಟು ಇನ್ನೊಂದು ಬರುತ್ತಿರಲಿಲ್ಲ. ಊಟದ ಸಾಲಿನಲ್ಲಿ, ಬ್ಯಾರಕ್ಕಿನಲ್ಲಿ ಮೂಕನಾಗಿದ್ದೆ. ಮೈದಾನದಲ್ಲಿ ಮಾತ್ರ ಹಾಗೆ ಅನ್ನಿಸಲಿಲ್ಲ. ಕೇರಳದ ಹುಡುಗ ಕಣ್ಣಲ್ಲೇ ಜಾಗ ತೋರಿಸಿ ಚೆಂಡು ಕೊಡುತ್ತಿದ್ದ, ನಾನು ಓಡುತ್ತಿದ್ದೆ. ನನ್ನನ್ನು ಬೇಕು ಎಂದು ಒಬ್ಬರು ಕರೆದ ಮೊದಲ ಜಾಗ ಅದು. ಫುಟ್‌ಬಾಲ್ ನನಗೆ ಪ್ರೀತಿಯಾದದ್ದು ಆಟದ ಚೆಂದಕ್ಕಿಂತ ಮೊದಲು ಈ ಕಾರಣಕ್ಕೆ.

ಈ ದೇಶದಲ್ಲಿ ಫುಟ್‌ಬಾಲ್ ಹುಟ್ಟಿ ಬೆಳೆದದ್ದೇ ದಂಡಿನ ಜೊತೆಗೆ ಎಂಬುದು ಆಮೇಲೆ ತಿಳಿಯಿತು. 1888ರಲ್ಲಿ ಶಿಮ್ಲಾದ ಕಡೆ ಬ್ರಿಟಿಷ್ ಸೈನಿಕರಿಗೆಂದು ಶುರುವಾದ ಡುರಾಂಡ್ ಕಪ್ ಏಷ್ಯಾದಲ್ಲೇ ಈಗಲೂ ನಡೆಯುತ್ತಿರುವ ಅತ್ಯಂತ ಹಳೆಯ ಟೂರ್ನಿ. ಭಾರತೀಯ ತಂಡವೊಂದು ಅದನ್ನು ಗೆಲ್ಲಲು 1940ರ ತನಕ ಕಾಯಬೇಕಾಯಿತು. ಗೆದ್ದದ್ದು ಕಲ್ಕತ್ತಾದ ಮೊಹಮ್ಮಡನ್ ಸ್ಪೋರ್ಟಿಂಗ್. ಸ್ವಾತಂತ್ರ್ಯ ಬಂದ ಮೇಲೆ 1955 ಮತ್ತು 1958ರಲ್ಲಿ ನೀಲಗಿರಿಯ ವೆಲಿಂಗ್ಟನ್‌ನ ಮದ್ರಾಸ್ ರೆಜಿಮೆಂಟಲ್ ಸೆಂಟರ್ ಗೆದ್ದಿತು, 1966 ಮತ್ತು 1969ರಲ್ಲಿ ಗೂರ್ಖಾ ಬ್ರಿಗೇಡ್. ಬೆಂಗಳೂರಿನ ಕತೆಯೂ ಹಾಗೆಯೇ. ದಂಡು ಪ್ರದೇಶದ ಸುತ್ತಲಿನ ಆಸ್ಟಿನ್ ಟೌನ್, ಗೌತಮಪುರ, ಮರ್ಫಿ ಟೌನ್‌ಗಳ ಬಡ ಮನೆಗಳಿಂದ ಆಟಗಾರರು ಎದ್ದು ಬಂದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದ ಎಸ್. ರಾಮನ್ ಬೆಂಗಳೂರಿನ ಆಟಗಾರ. 1956 ಮತ್ತು 1960ರ ಒಲಿಂಪಿಕ್ಸ್ ತಂಡಗಳಲ್ಲಿದ್ದ ಎಂ. ಕೆಂಪಯ್ಯ ಮೈಸೂರು ರಾಜ್ಯಕ್ಕೆ ಆಡಿದವರು. ಕೆಂಪಯ್ಯ ಎಂಬ ಹೆಸರಿಲ್ಲದ ಬೀದಿ ನಮ್ಮ ಮದ್ದೂರು, ಮಳವಳ್ಳಿಯಲ್ಲಿ ಇಲ್ಲ. ಆ ಹೆಸರಿನವರೊಬ್ಬರು ಮೆಲ್ಬರ್ನ್‌ನಲ್ಲಿ, ರೋಮ್‌ನಲ್ಲಿ ದೇಶದ ಪರ ಆಡಿದರು ಎಂದು ಓದಿದ ದಿನ ನನಗೆ ಮೈ ಜುಮ್ಮೆಂದಿತ್ತು.

ಇನ್ನು ಮನೆಯ ಮಾತು. ಜವಾನನಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಕ್ಯಾಶುವಲ್ ರಜೆ. ಕಾಗದದ ಮೇಲೆ ಮೂರು ತಿಂಗಳು. ಯಾವಾಗ ಸಿಗುತ್ತದೆ ಎನ್ನುವುದು ಯೂನಿಟ್ಟಿನ ಕೆಲಸಕ್ಕೆ ಬಿಟ್ಟದ್ದು. ನಮ್ಮ ಮಳವಳ್ಳಿಗೆ ರೈಲಿಲ್ಲ. ಮದ್ದೂರಿನಲ್ಲಿ ಇಳಿದು, ಟ್ರಂಕು ಹೊತ್ತು ಬಸ್ಸು ಹಿಡಿದು ಕೆ.ಎಂ. ದೊಡ್ಡಿ ದಾಟಿ ಬರಬೇಕು. ಬಸ್ಸಿಳಿದ ಕೂಡಲೇ ಮೊದಲು ಸಿಕ್ಕವರು ಕೇಳುವುದು: ‘ಯಾವಾಗ್ ಬಂದ್ಯೋ ಮಗ?’ ಉತ್ತರ ಕೇಳುವ ಮುಂಚೆಯೇ ಎರಡನೆಯದು: ‘ಯಾವಾಗ್ ಹೊಂಟಿಯೆ?’ ಪ್ರೀತಿಯಿಂದಲೇ ಕೇಳುತ್ತಾರೆ. ಮಿಲ್ಟ್ರಿಯವನ ಮನೆಗಳಲ್ಲೆಲ್ಲ ಈ ಎರಡು ಪ್ರಶ್ನೆ ಜೋಡಿಯಾಗಿಯೇ ಬರುತ್ತವೆ. ನಿವೃತ್ತನಾಗಿ ಬಂದು ಬಹಳ ಕಾಲದವರೆಗೆ ನಮ್ಮೂರ ಮುದುಕರೊಬ್ಬರು ನನ್ನನ್ನು ಎರಡನೆಯದನ್ನೂ ಕೇಳುತ್ತಿದ್ದರು. ‘ಇನ್ನು ಹೋಗಲ್ಲ ಅಣ್ಣ’ ಎಂದು ಹೇಳುವಾಗ ಒಳಗೆ ಏನೋ ಹಿಂಜರಿಯುತ್ತಿತ್ತು, ಸುಳ್ಳು ಹೇಳುತ್ತಿದ್ದೇನೇನೋ ಎಂಬಂತೆ.

ರಜೆಯಲ್ಲಿ ಬಂದ ಸೈನಿಕ ಮನೆಯಲ್ಲಿ ಮನೆಯವನಾಗಿ ಇರುವುದು ಸುಲಭವಲ್ಲ. ನಾಟಿ ಯಾವಾಗ, ಕಬ್ಬು ಯಾವ ಕಾರ್ಖಾನೆಗೆ, ನಾಲೆಯ ನೀರಿನ ಕಟ್ಟು ನಮ್ಮ ಗದ್ದೆಗೆ ಎಂದು ಬರುತ್ತದೆ, ಇವೆಲ್ಲ ನಾನಿಲ್ಲದೆ ತೀರ್ಮಾನವಾಗಿ ನಾನಿಲ್ಲದೆ ನಡೆಯುತ್ತಿದ್ದವು. ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದವರು ನಾವು. ಮೇಲಿನವರು ತೂಬು ಎತ್ತಿಕೊಂಡರೆ ನಮಗೆ ನೀರಿಲ್ಲ. ರಾತ್ರಿಯೆಲ್ಲ ಬ್ಯಾಟರಿ ಹಿಡಿದು ನಾಲೆ ಏರಿಯ ಮೇಲೆ ಕಾದು ನೀರು ತಂದವಳು ನನ್ನ ಹೆಂಡತಿ. ಯಾವ ಬದುವಿನ ಮೇಲೆ ಕೂರಬೇಕು, ಯಾರ ಜೊತೆ ಜಗಳವಾಡಬಾರದು ಎಂಬುದು ಅವಳಿಗೆ ಗೊತ್ತು. ನಾನು ಬಂದು ಎರಡು ದಿನ ಗುದ್ದಲಿ ಹಿಡಿದರೆ ಅಕ್ಕಪಕ್ಕದವರು ‘ರಜದಲ್ ಬಂದಿದ್ದೀಯ, ಸುಮ್ನಿರು’ ಎನ್ನುತ್ತಿದ್ದರು. ಅವ್ವ ನನಗೆಂದು ಪ್ರತ್ಯೇಕ ತಟ್ಟೆ ತೆಗೆದಿಡುತ್ತಿದ್ದಳು. ಮಗಳು ಮೊದಲ ಎರಡು ದಿನ ಬಾಗಿಲ ಮರೆಯಿಂದ ನೋಡಿ, ಹತ್ತಿರ ಬರುವಷ್ಟರಲ್ಲಿ ರಜೆ ಮುಗಿಯುತ್ತಿತ್ತು.

ದೂರದಲ್ಲಿದ್ದಾಗ ಮಾತ್ರ ಮನೆ ಪೂರ್ತಿ ನನ್ನದಾಗಿತ್ತು. ಸಿಯಾಚಿನ್ ತಪ್ಪಲಿನ ರಸ್ತೆ ಕೆಲಸದಲ್ಲಿ ಕೈ ಮರಗಟ್ಟಿದಾಗ, ರಾಜಸ್ಥಾನದ ಮರಳಿನಲ್ಲಿ, ಹಿತ್ತಲಿನ ನುಗ್ಗೆ ಮರದ ಯಾವ ಕೊಂಬೆ ಯಾವ ಕಡೆ ಬಾಗಿದೆ ಎಂದು ಹೇಳಬಲ್ಲವನಾಗಿದ್ದೆ. ಕೆಆರ್‌ಎಸ್‌ನ ನೀರಿನ ಮಟ್ಟ ದಿನವೂ ವಿಚಾರಿಸುತ್ತಿದ್ದೆ, ತಾಲ್ಲೂಕಿನ ಮಳೆ ವಿಚಾರಿಸುತ್ತಿದ್ದೆ, ಯಾರ ಮನೆಯಲ್ಲಿ ಮದುವೆ, ಯಾರಿಗೆ ಹೆರಿಗೆ ಎಂದು ನೆನಪಿಟ್ಟುಕೊಂಡಿದ್ದೆ. ಈಗ ಯೋಚಿಸಿದರೆ ಬೆಂಗಳೂರು ಎಫ್‌ಸಿಯನ್ನು ನಾನು ಪ್ರೀತಿಸಿದ್ದೂ ಹೀಗೆಯೇ. 2013ರಲ್ಲಿ ಕ್ಲಬ್ ಹುಟ್ಟಿತು, ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಿತು. ಆಗ ನಾನು ಎಲ್ಲೋ ಉತ್ತರದಲ್ಲಿದ್ದೆ. ಯಾರು ಆಡಿದರು, ಯಾರಿಗೆ ಗಾಯ, ಅಂಕ ಎಷ್ಟು ಎಂದು ಎಲ್ಲವೂ ತಿಳಿದಿತ್ತು, ಅವರು ಆಡುವ ಮೈದಾನವನ್ನು ಕಂಡಿರಲಿಲ್ಲ. 2016ರ ನವೆಂಬರ್ 5ರಂದು ದೋಹಾದಲ್ಲಿ ಎಎಫ್‌ಸಿ ಕಪ್ ಫೈನಲ್. ಭಾರತದ ಕ್ಲಬ್ಬೊಂದು ಆ ಹಂತ ಮುಟ್ಟಿದ್ದು ಅದೇ ಮೊದಲು. ಇರಾಕಿನ ವಾಯುಪಡೆಯ ಕ್ಲಬ್ಬಿನ ಎದುರು 1-0ಯಿಂದ ಸೋತರು. ಅಷ್ಟು ದೂರದಿಂದ ಅಷ್ಟು ದುಃಖಪಡಬಲ್ಲ ಶಕ್ತಿ ಮನುಷ್ಯನಿಗೆ ಇದೆಯಲ್ಲ ಎಂದು ಆ ರಾತ್ರಿ ಅನ್ನಿಸಿತ್ತು. ಎಲ್ಲ ಬಲ್ಲವನು, ಯಾವುದನ್ನೂ ಮುಟ್ಟದವನು ಅಭಿಮಾನಿ. ಸೈನ್ಯದಲ್ಲಿದ್ದಷ್ಟು ಕಾಲವೂ ನಾನು ನನ್ನ ಮನೆಯ ಅಭಿಮಾನಿಯಾಗಿದ್ದೆ.

ಎರಡು ಕಡೆಯವನಾಗುವುದು ನನ್ನೊಬ್ಬನಿಗೆ ಬಂದ ಸಂಕಟವಲ್ಲ, ನಮ್ಮ ನೆಲಕ್ಕೇ ಬಂದದ್ದು. 1799ರ ಮಾರ್ಚ್ 27ರಂದು ಇದೇ ಮಳವಳ್ಳಿಯಲ್ಲಿ ಟಿಪ್ಪುವಿನ ಸೇನೆಗೂ ಜನರಲ್ ಹ್ಯಾರಿಸ್‌ನ ಈಸ್ಟ್ ಇಂಡಿಯಾ ಕಂಪನಿ ಸೇನೆಗೂ ಕಾಳಗ ನಡೆಯಿತು. ಟಿಪ್ಪು ಹಿಂದೆ ಸರಿದ. ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು. ಕಂಪನಿಯ ಆ ಸೇನೆಗೆ ದಾರಿ ಕಡಿದು, ಕಂದಕ ತೋಡಿ ಕೊಟ್ಟ ಮದ್ರಾಸ್ ಪಯೊನೀರ್ಸ್ ನನ್ನ ಎಂಇಜಿಯ ಪೂರ್ವಿಕರು. ಹಳೆಯ ಯುದ್ಧಗೌರವಗಳ ಪಟ್ಟಿಯಲ್ಲಿ ಶ್ರೀರಂಗಪಟ್ಟಣದ ಹೆಸರಿದೆ. ಸ್ವತಂತ್ರ ಭಾರತದ ಸೇನೆ ಅಂಥ ಗೌರವಗಳನ್ನು ಆಚರಿಸುವುದಿಲ್ಲ, ಅದು ಸರಿಯಾದದ್ದೇ. ಅಂದು ಮಳವಳ್ಳಿಯಲ್ಲಿ ಕಂಪನಿಯ ಪರ ಪಡೆಯೊಂದನ್ನು ನಡೆಸಿದ ಆರ್ಥರ್ ವೆಲ್ಲೆಸ್ಲಿ ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಆದ. ಡುರಾಂಡ್ ಗೆದ್ದ ಮದ್ರಾಸ್ ರೆಜಿಮೆಂಟಲ್ ಸೆಂಟರ್ ಇರುವ ನೀಲಗಿರಿಯ ಆ ಊರಿಗೆ ಅವನದೇ ಹೆಸರು. ಆ ತಂಡದ ಗೆಲುವನ್ನು ಓದಿ ಹೆಮ್ಮೆಪಟ್ಟವನೂ ನಾನೇ, ನಮ್ಮ ಹೊಲದಲ್ಲಿ ಬಿದ್ದ ಸುಲ್ತಾನನ ಸಿಪಾಯಿಗಳನ್ನು ನೆನೆದು ಮಂಕಾದವನೂ ನಾನೇ. ಎರಡೂ ಕಡೆ ಸತ್ತವರಲ್ಲಿ ಕನ್ನಡ ಆಡುವವರು, ತಮಿಳು ಆಡುವವರು ಇದ್ದೇ ಇರಬೇಕು. ಈ ಗಂಟನ್ನು ಬಿಚ್ಚಲು ನನ್ನಿಂದ ಆಗಿಲ್ಲ. ಬಿಚ್ಚಬೇಕೆಂಬ ಆತುರ ಈಗೀಗ ಕಡಿಮೆಯಾಗಿದೆ.

2019ರ ಫೆಬ್ರುವರಿ 14. ಕಾಶ್ಮೀರದ ಪುಲ್ವಾಮಾದಲ್ಲಿ ನಡೆದ ದಾಳಿಯಲ್ಲಿ ಸಿಆರ್‌ಪಿಎಫ್‌ನ 40 ಜವಾನರು ಹೋದರು. ಅವರಲ್ಲೊಬ್ಬರು ಮದ್ದೂರು ತಾಲ್ಲೂಕು ಗುಡಿಗೆರೆಯ ಎಚ್. ಗುರು. 33 ವರ್ಷ. ರಜೆ ಮುಗಿಸಿ ಊರು ಬಿಟ್ಟು ಕೆಲವೇ ದಿನಗಳಾಗಿದ್ದವು. 16ರಂದು ಬೆಂಗಳೂರಿನಿಂದ ಮಂಡ್ಯದ ದಾರಿಯುದ್ದಕ್ಕೂ ಜನ ನಿಂತಿದ್ದರು. ಕೆ.ಎಂ. ದೊಡ್ಡಿ ಬಳಿಯ ಮೆಳ್ಳಹಳ್ಳಿಯಲ್ಲಿ ಅಂತ್ಯಸಂಸ್ಕಾರ. ನಾನು ಟ್ರಂಕು ಹೊತ್ತು ಓಡಾಡಿದ ರಸ್ತೆ ಅದೇ. ಕಿಕ್ಕಿರಿದ ಜನರ ನಡುವೆ ನಾನೂ ನಿಂತಿದ್ದೆ. ಜೈಕಾರ ಮುಗಿಲು ಮುಟ್ಟುತ್ತಿತ್ತು. ಸ್ಟೇಡಿಯಂಗಳಲ್ಲಿ ಆ ಬಗೆಯ ದನಿಗಾಗಿ ಹಂಬಲಿಸುವವನು ನಾನು. ಅಂದು ಮಾತ್ರ ದನಿ ಏಳಲಿಲ್ಲ. ರಜೆ ಚೀಟಿಯ ಕೊನೆಯ ದಿನಾಂಕ, ಹೊರಡುವ ಬೆಳಿಗ್ಗೆ ಮನೆಯಲ್ಲಿ ಕಟ್ಟಿಕೊಡುವ ಬುತ್ತಿ, ಬಸ್ಸು ಬರುವ ತನಕ ಯಾರೂ ಮಾತಾಡದೆ ನಿಲ್ಲುವ ಹೊತ್ತು, ಇವೇ ಕಣ್ಣ ಮುಂದೆ ಬಂದವು.

ಅಲ್ಲಿ ಸೇರಿದ್ದ ಜನರ ದುಃಖ ಸುಳ್ಳೆಂದು ನಾನು ಹೇಳಲಾರೆ. ಕೆಲಸ ಬಿಟ್ಟು, ದಿನಗೂಲಿ ಬಿಟ್ಟು ಬಂದವರು ಅವರು. ಆದರೆ ಅಭಿಮಾನಿಯ ಪ್ರೀತಿ ಎಂಥದು ಎಂದು ನನಗೆ ಒಳಗಿನಿಂದ ಗೊತ್ತು. ಎಷ್ಟೇ ಆಳವಾದರೂ ಆಟ ಮುಗಿದ ಮೇಲೆ ಅದಕ್ಕೆ ಮನೆಗೆ ಹೋಗಲು ದಾರಿ ಇರುತ್ತದೆ. ಸತ್ತವನ ಮನೆಯವರಿಗೆ ಆ ದಾರಿ ಇಲ್ಲ. ಒಂದು ತಿಂಗಳು ಕಳೆಯಿತು. ಮಾರ್ಚ್ 17ರಂದು ಮುಂಬೈಯಲ್ಲಿ ಐಎಸ್‌ಎಲ್ ಫೈನಲ್, ಗೋವಾ ಎದುರು. 117ನೇ ನಿಮಿಷದಲ್ಲಿ ರಾಹುಲ್ ಭೇಕೆ ತಲೆಯಿಂದ ಹೊಡೆದ ಗೋಲಿಗೆ ಬೆಂಗಳೂರು ಮೊದಲ ಸಲ ಚಾಂಪಿಯನ್ ಆಯಿತು. ನಾನು ಕುಣಿದೆ. ಆಮೇಲೆ ಕೂತು, ನನಗೂ ಆ ದಾರಿ ಇದ್ದಿತಲ್ಲ ಎಂದುಕೊಂಡೆ. ಸೇನೆಯಲ್ಲಿದ್ದವನೆಂಬ ಕಾರಣಕ್ಕೆ ನನ್ನ ದುಃಖ ಬೇರೆಯವರದಕ್ಕಿಂತ ಗಟ್ಟಿ ಎಂದು ನಂಬಿದ್ದೆ, ಅಷ್ಟೇನೂ ಗಟ್ಟಿಯಲ್ಲ.

ಒಂದು ಮಾತು ಇಲ್ಲಿಯೇ ಹೇಳಬೇಕು. ಹಳ್ಳಿಯಲ್ಲಿ ಎಲ್ಲರೂ ಮಿಲ್ಟ್ರಿಯವರೇ, ಸೇನೆಯಾಗಲಿ ಸಿಆರ್‌ಪಿಎಫ್ ಆಗಲಿ. ಸರ್ಕಾರದ ಲೆಕ್ಕ ಬೇರೆ. 2004ರ ಜನವರಿಯಿಂದ ಕೇಂದ್ರ ಸರ್ಕಾರಿ ನೌಕರಿಗೆ ಸೇರಿದವರಿಗೆ ಹೊಸ ಪಿಂಚಣಿ ಪದ್ಧತಿ ಬಂದಾಗ ಸೇನೆಯ ಮೂರು ಅಂಗಗಳನ್ನು ಅದರಿಂದ ಹೊರಗಿಟ್ಟರು, ಸಿಆರ್‌ಪಿಎಫ್‌ನಂಥ ಪಡೆಗಳನ್ನು ಅದರೊಳಗೆ ಸೇರಿಸಿದರು. ಒಂದೇ ರಸ್ತೆಯಲ್ಲಿ, ಒಂದೇ ಚಳಿಯಲ್ಲಿ ಕಾವಲು ನಿಲ್ಲುವ ಇಬ್ಬರ ಮುಪ್ಪು ಹೀಗೆ ಬೇರೆ ಬೇರೆಯಾಗುವುದು ನನಗೆ ನ್ಯಾಯ ಎನ್ನಿಸುವುದಿಲ್ಲ. ಜೈಕಾರ ಹಾಕಿದ ಜನರಲ್ಲಿ ಇದನ್ನು ಬಲ್ಲವರು ಬೆರಳೆಣಿಕೆ.

ಬೆಂಗಳೂರು ತಂಡದಲ್ಲಿ ಸುನಿಲ್ ಛೇತ್ರಿಯನ್ನು ನಾನು ಇಷ್ಟು ಹಚ್ಚಿಕೊಂಡದ್ದಕ್ಕೆ ಅವರ ಗೋಲುಗಳಷ್ಟೇ ಕಾರಣವಲ್ಲ. ಅವರ ತಂದೆ ಸೇನೆಯ ಇಎಂಇ ವಿಭಾಗದಲ್ಲಿದ್ದವರು. ಛೇತ್ರಿ ಹುಟ್ಟಿದ್ದು ಸಿಕಂದರಾಬಾದಿನಲ್ಲಿ, 1984ರಲ್ಲಿ. ತಾಯಿ ನೇಪಾಳದ ಮಹಿಳಾ ತಂಡಕ್ಕೆ ಆಡಿದವರು. ತಂದೆಗೆ ವರ್ಗವಾದಂತೆಲ್ಲ ಊರು ಬದಲಿಸುತ್ತ ಬೆಳೆದ ಅವರು ಕೊನೆಗೆ ಬೆಂಗಳೂರನ್ನು ತಮ್ಮದು ಮಾಡಿಕೊಂಡರು. 2024ರ ಜೂನ್ 6ರಂದು ಕೋಲ್ಕತ್ತಾದಲ್ಲಿ ಕುವೈತ್ ವಿರುದ್ಧದ ಗೋಲಿಲ್ಲದ ಪಂದ್ಯ ಆಡಿ ರಾಷ್ಟ್ರೀಯ ತಂಡಕ್ಕೆ ವಿದಾಯ ಹೇಳಿದಾಗ ಅವರಿಗೆ 39. ಸಿಪಾಯಿಯಾಗಿ ಸೇರಿದವನು ಪಿಂಚಣಿ ಪಡೆದು ಹೊರಬರುವುದೂ ಹೆಚ್ಚುಕಡಿಮೆ ಅದೇ ಪ್ರಾಯದಲ್ಲಿ. ಹಳ್ಳಿಯಲ್ಲಿ ನಲವತ್ತು ಎಂದರೆ ಅಪ್ಪನ ಕೈಯಿಂದ ಯಜಮಾನಿಕೆ ಆಗಷ್ಟೇ ಮಗನಿಗೆ ಬರುವ ಕಾಲ. ನಾನು ಆಗಲೇ ‘ರಿಟೈರ್ಡ್’. ಮರುವರ್ಷ ಮಾರ್ಚ್‌ನಲ್ಲಿ ಛೇತ್ರಿ ಮರಳಿ ಬಂದು ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ವಿರುದ್ಧ ಗೋಲು ಹೊಡೆದಾಗ ಸಂತೋಷದ ಜೊತೆಗೆ ಒಂದು ಆಸೆಯೂ ಹುಟ್ಟಿತು. ಒಂದೇ ಒಂದು ಸಂಜೆ, ಗೇಮ್ಸ್ ಪೆರೇಡಿನ ಸೀಟಿ ಕೇಳಿ ಓಡಬೇಕು ಎಂಬ ಆಸೆ. ಮನೆಗೆ ಬಂದವನಿಗೆ ಮನೆಯ ಜಗಲಿಯಲ್ಲಿ ಪಲ್ಟನ್ನಿನ ಮೇಲೆ ಹುಟ್ಟಿದ ಹಂಬಲ ಅದು. ಅಲ್ಲಿದ್ದಾಗ ಇದರ, ಇಲ್ಲಿರುವಾಗ ಅದರ ಅಭಿಮಾನಿ.

ನನ್ನ ಕೆಲಸವೇನಿತ್ತು ಎಂದು ಮನೆಯವರಿಗೆ ತಿಳಿದದ್ದು 2024ರ ಆಗಸ್ಟಿನಲ್ಲಿ. ವಯನಾಡಿನ ಚೂರಲ್‌ಮಲ, ಮುಂಡಕೈ ಕಡೆ ಜುಲೈ 30ರಂದು ಗುಡ್ಡ ಜಾರಿ ಊರುಗಳೇ ಕೊಚ್ಚಿಹೋದವು. ಆ ವಾರವೆಲ್ಲ ವಯನಾಡಿನ ಮಳೆಗೆ ಕಬಿನಿ ತುಂಬಿ, ಕಾವೇರಿಗೆ ಸೇರಿ ನಮ್ಮ ಗಗನಚುಕ್ಕಿ ಜಲಪಾತದಲ್ಲಿ ಮೊರೆಯುತ್ತಿತ್ತು. ಚೂರಲ್‌ಮಲದಲ್ಲಿ ಎಂಇಜಿಯ ಹುಡುಗರು 190 ಅಡಿಯ ಬೈಲಿ ಸೇತುವೆ ಕಟ್ಟುವುದನ್ನು ಟಿವಿಯಲ್ಲಿ ತೋರಿಸಿದರು. ಆಗಸ್ಟ್ 1ರ ಸಂಜೆಗೆ ಮುಗಿಸಿಯೇಬಿಟ್ಟರು. ‘ನೀನೂ ಇಂಥದ್ದೇ ಕಟ್ಟಿದ್ಯಾ ಅಪ್ಪ?’ ಎಂದು ಮಗಳು ಕೇಳಿದಳು. ಒಂದೊಂದು ಪ್ಯಾನೆಲ್ ಸುಮಾರು 260 ಕಿಲೊ, ಆರು ಜನ ಎತ್ತಬೇಕು, ಒಬ್ಬನ ಹೆಜ್ಜೆ ತಪ್ಪಿದರೂ ಇನ್ನೊಬ್ಬನ ಕಾಲು ಹೋಗುತ್ತದೆ, ಪಿನ್ನು ಕೂರಿಸುವಾಗ ಬೆರಳು ಎಲ್ಲಿರಬಾರದು ಎಂದು ಎಲ್ಲ ಹೇಳಿದೆ. ಹೆಂಡತಿ ಒಲೆಯ ಮುಂದಿನಿಂದ ಎದ್ದು ಬಂದು ಕೇಳಿದಳು. ನಾನು ಕೇಳಿದ ಮೇಲೆ ಅವಳೂ ನಾಲೆ ಏರಿಯ ರಾತ್ರಿಗಳನ್ನು ಹೇಳಿದಳು: ಹಾವು ತುಳಿದದ್ದು, ಮಳೆಯಲ್ಲಿ ಬದು ಒಡೆದು ಒಬ್ಬಳೇ ಮಣ್ಣು ಹಾಕಿದ್ದು. ಎಷ್ಟೋ ವರ್ಷದ ಮಾತು ಆ ಎರಡು ರಾತ್ರಿ ನಡೆಯಿತು. ಆ ಹಂಗಾಮಿನ ಭತ್ತಕ್ಕೆ ನೀರು ಕಟ್ಟಲು ನಾವಿಬ್ಬರೂ ಹೋದೆವು. ಎಲ್ಲಿ ನಿಲ್ಲಬೇಕೆಂದು ಅವಳು ಹೇಳಿದಳು, ಅಲ್ಲಿ ನಿಂತೆ.

ಈಗ ಬೆಳಿಗ್ಗೆ ನಾಲೆಯ ಪಕ್ಕದ ರಸ್ತೆಯಲ್ಲಿ ಅಗ್ನಿವೀರರಾಗಬೇಕೆಂದು ಓಡುವ ಹುಡುಗರಿಗೆ ನಾನು ವಾಚು ಹಿಡಿಯುತ್ತೇನೆ. 1.6 ಕಿಲೊಮೀಟರ್ ಓಟ, ಬೀಮಿಗೆ ಜೋತು ಹತ್ತು ಸಲ ಗಲ್ಲ ಮೇಲೆತ್ತುವುದು, ಒಂಬತ್ತಡಿ ಕಂದಕ ಹಾರುವುದು. ಸಂಜೆ ಅವರ ನಡುವೆ ಚೆಂಡು ಇಡುತ್ತೇನೆ. ಎಡಗಾಲಿನ ಹುಡುಗನೊಬ್ಬನಿದ್ದಾನೆ, ಎಡಬದಿಯಿಂದ ಅವನು ಎತ್ತಿಕೊಡುವ ಚೆಂಡು ನೋಡಬೇಕು. ಅವನ ತಾಯಿ ಒಂದು ದಿನ ಗದ್ದೆಯ ಹತ್ತಿರ ಬಂದು, ‘ಕಳಿಸ್ಲೋ ಬ್ಯಾಡ್ವೋ, ನೀವೇ ಹೇಳಿ’ ಎಂದರು. ನಾಲ್ಕು ವರ್ಷದ ನೌಕರಿ, ನೂರರಲ್ಲಿ ಇಪ್ಪತ್ತೈದು ಜನರನ್ನಷ್ಟೇ ಮುಂದುವರಿಸುತ್ತಾರೆ, ಉಳಿದವರಿಗೆ ಪಿಂಚಣಿ ಇಲ್ಲ, ಸೇವಾನಿಧಿಯ ಹಣ ಕೊಟ್ಟು ಕಳಿಸುತ್ತಾರೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಸೇನೆ ನನಗೆ ಏನೇನು ಕೊಟ್ಟಿತೋ ಅದನ್ನೂ ಹೇಳಿದೆ: ಭಾಷೆ, ಕೆಲಸ, ಗೆಳೆಯರು. ಅವರು ಎಲ್ಲ ಕೇಳಿಸಿಕೊಂಡು, ‘ಹಬ್ಬಕ್ಕೆ ಬತ್ತಾನಾ?’ ಎಂದರು. ಅಗ್ನಿವೀರನಿಗೆ ವರ್ಷಕ್ಕೆ 30 ದಿನ ರಜೆ, ಅದು ಹಬ್ಬ ನೋಡಿಕೊಂಡು ಬರುವುದಿಲ್ಲ ಎಂದೆ. ಬಂದಾಗ ಅವನಿಗೆ ಪ್ರತ್ಯೇಕ ತಟ್ಟೆ ಇಡಬೇಡಿ, ಮೊದಲ ದಿನವೇ ಗದ್ದೆಗೆ ಕರೆದುಕೊಂಡು ಹೋಗಿ, ಯಾವಾಗ ಹೊರಡುತ್ತೀಯ ಎಂದು ಊರವರು ಕೇಳಿದರೂ ನೀವು ಕೇಳಬೇಡಿ ಎಂದೂ ಹೇಳಿದೆ. ಅವರು ಉತ್ತರ ಕೊಡದೆ ಹುಲ್ಲಿನ ಹೊರೆ ಎತ್ತಿಕೊಂಡು ಹೋದರು.

ಮರುದಿನ ಹುಡುಗ ಓಟಕ್ಕೆ ಬಂದ. ಕಾಲು ಚೆನ್ನಾಗಿದೆ, ಲೆಕ್ಕ ಬರುವುದಿಲ್ಲ. ಈಗ ರ್‍ಯಾಲಿಗೆ ಮುಂಚೆ ಆನ್‌ಲೈನ್ ಪರೀಕ್ಷೆ ಪಾಸಾಗಬೇಕು. ಆಟ ಮುಗಿದ ಮೇಲೆ ಮಗಳು ಅವನಿಗೆ ಶೇಕಡಾವಾರು ಲೆಕ್ಕ ಹೇಳಿಕೊಡುತ್ತಾಳೆ. ಅವನು ಆಯ್ಕೆಯಾದರೆ ನಮ್ಮ ತಂಡದ ಎಡಬದಿಗೆ ಬೇರೆ ಹುಡುಗನನ್ನು ತಯಾರು ಮಾಡಬೇಕು. ಸದ್ಯಕ್ಕೆ ಯಾರೂ ಕಾಣುತ್ತಿಲ್ಲ.